ಉತ್ತರ ಕೊಡದ ಬಂಡೆ

ಮಕ್ಕಳೇ, ಒಂದು ಕಾಡಿನ ಜಿಂಕೆಗಳಿಗೆಲ್ಲ ಸೇರಿ ಇದ್ದದ್ದು ಒಂದೇ ಕೊಳ. ಬೇಸಿಗೆಯಲ್ಲಿ ಅದರ ತಳ ಕಂಡಿತು. ದಿನಕ್ಕೆ ಒಬ್ಬರಿಗೆ ಒಂದೇ ಸಲ ಎಂಬ ಕಟ್ಟಳೆ ಇದ್ದರೂ ಕೆಲವರು ಕದ್ದು ಎರಡೆರಡು ಸಲ ಕುಡಿಯತೊಡಗಿದರು.

ಕಾವಲಿಗಿದ್ದ ಮುಸುವಕೋತಿ ಬೂದಪ್ಪನಿಗೆ ಜಗಳ ಬಿಡಿಸಿ ಬಿಡಿಸಿ ಸಾಕಾಯಿತು. ಕೊಳದ ದಾರಿಯಲ್ಲಿ ಅವನು ಒಂದು ತೂಗುಬಂಡೆ ಹೂಡಿದ. ಹತ್ತಿದವರು ಹಗುರವಾಗಿದ್ದರೆ ದಾರಿ ತೆರೆದೇ ಇರುತ್ತಿತ್ತು. ಭಾರವಾಗಿದ್ದರೆ ಬಂಡೆ ಕುಸಿದು, ಅದಕ್ಕೆ ಕಟ್ಟಿದ ಬಳ್ಳಿ ಸಡಿಲಿ, ಮೇಲೆ ತೂಗುತ್ತಿದ್ದ ದಿಮ್ಮಿ ದಾರಿಗೆ ಅಡ್ಡ ಬೀಳುತ್ತಿತ್ತು; ಇಳಿದರೆ ಮತ್ತೆ ಮೇಲೇಳುತ್ತಿತ್ತು. ನೀರು ಕುಡಿದವರ ಹೊಟ್ಟೆ ಭಾರ ತಾನೇ?

“ಬಂಡೆಗೆ ನೆಂಟರಿಲ್ಲ, ಇಷ್ಟರಿಲ್ಲ,” ಎಂದು ಬೂದಪ್ಪ ಕೊಂಬೆಯ ಮೇಲೆ ಕಾಲು ಚಾಚಿದ. ಜಿಂಕೆಗಳ ಯಜಮಾನನೂ ತಲೆದೂಗಿದ.

ಕೆಂಚಿ ಎಂಬ ಜಿಂಕೆಗೆ ದಿನ ತುಂಬುತ್ತ ಬಂದಿತ್ತು. ನಿನ್ನೆಯಿಂದ ಗಂಟಲಿಗೆ ಹನಿ ನೀರಿಳಿದಿರಲಿಲ್ಲ. ಅವಳು ಕಾಲಿಟ್ಟದ್ದೇ ತಡ, ದಿಮ್ಮಿ ಧಡ್ ಎಂದು ಬಿತ್ತು.

“ನೀನು ಆಗಲೇ ಕುಡಿದಿದ್ದೀಯ ಕೆಂಚಕ್ಕ. ಮುಂದಿನವರು ಬನ್ನಿ!”

“ನನ್ನ ಹೊಟ್ಟೆಯಲ್ಲಿರುವುದು ನೀರಲ್ಲ ಬೂದಣ್ಣ, ಮರಿ. ಕಣ್ಣು ಬಿಟ್ಟು ನೋಡು.”

“ನೋಡುವುದು ನನ್ನ ಕೆಲಸವಲ್ಲ. ಬಂಡೆ ಹೇಳಿದ ಮೇಲೆ ಮುಗಿಯಿತು.”

“ಬಂಡೆ ತಪ್ಪಿದರೆ ಯಾರಿಗೆ ಹೇಳಲಿ?”

“ಬಂಡೆಗೇ ಹೇಳು!” ಬೂದಪ್ಪ ಹಲ್ಲು ಕಿರಿದ.

ಒಳಗೆ ಮರಿ ಒದೆಯಿತು. ಕೆಂಚಿ ಹಿಂದಿರುಗಲಿಲ್ಲ. ಬಂಡೆಯ ಮೇಲೆಯೇ ಕಾಲು ಮಡಿಸಿ ಕುಳಿತಳು. ದಿಮ್ಮಿ ಮೇಲೇಳಲಿಲ್ಲ, ಹಿಂದೆ ಸಾಲು ಬೆಳೆಯಿತು.

“ಏಳಮ್ಮಾ, ನಮಗೂ ಬಾಯಾರಿದೆ!”

“ಏಳುವುದಿಲ್ಲ. ಇವತ್ತು ನನ್ನನ್ನು ತಳ್ಳಿದ ಬಂಡೆ ನಾಳೆ ನಿಮ್ಮನ್ನೂ ತಳ್ಳುತ್ತದೆ. ಇಟ್ಟವರು ಬಂದು ಉತ್ತರ ಹೇಳಲಿ.”

ಗಲಾಟೆ ಕೇಳಿ ಯಜಮಾನ ಬಂದ. ಅವನು ಎಂದೂ ಬಂಡೆ ಹತ್ತಿದವನಲ್ಲ. ಅವನ ಪಾಲಿನ ನೀರನ್ನು ಬೂದಪ್ಪ ಸೋರೆಬುರುಡೆಯಲ್ಲಿ ತಂದುಕೊಡುತ್ತಿದ್ದ.

“ಏಳು ಕೆಂಚಿ. ಬಂಡೆ ಸುಳ್ಳು ಹೇಳುತ್ತದೆಯೇ?”

“ನೀವು ಇವತ್ತು ನೀರು ಕುಡಿದಿರಾ ಯಜಮಾನರೇ?”

“ಎಲ್ಲಿ! ಬುರುಡೆ ಇನ್ನೂ ಬಂದಿಲ್ಲ.”

“ಹಾಗಾದರೆ ಹತ್ತಿ.” ಕೆಂಚಿ ಎದ್ದು ಜಾಗ ಬಿಟ್ಟಳು. ದಿಮ್ಮಿ ಮೇಲೆದ್ದಿತು.

ಯಜಮಾನ ಹತ್ತಿದ. ಅವನ ಕವಲೊಡೆದ ಕೊಂಬಿನ ಭಾರಕ್ಕೆ ಬಂಡೆ ಕುಸಿಯಿತು. ಧಡ್!

“ಯಜಮಾನರು ಆಗಲೇ ಕುಡಿದಿದ್ದಾರೆ. ಮುಂದಿನವರು ಬನ್ನಿ!” ಎಂದು ಕೂಗಿದಳು ಕೆಂಚಿ. ಸಾಲಿಗೆ ಸಾಲೇ ಗೊಳ್ಳೆಂದಿತು.

ಯಜಮಾನನ ಕಿವಿ ಜೋತುಬಿದ್ದವು. “ಬೂದಪ್ಪಾ, ಇಳಿ ಕೆಳಗೆ. ಬಂಡೆ ಬೇಕಾದರೆ ಇರಲಿ. ಆದರೆ ದಿಮ್ಮಿ ಬಿದ್ದಾಗಲೆಲ್ಲ ನೀನೇ ಬಂದು ನೋಡಬೇಕು, ಕಾರಣ ಹೇಳಬೇಕು, ತಪ್ಪಿದ್ದರೆ ದಾರಿ ಬಿಡಬೇಕು. ಇನ್ನು ಮೇಲೆ ಬಂಡೆಯ ತಪ್ಪು ನಿನ್ನ ತಪ್ಪು.”

“ನಿಮ್ಮದೂ ಹೌದು,” ಎಂದಳು ಕೆಂಚಿ.

ಯಜಮಾನ ಬಿದ್ದಿದ್ದ ದಿಮ್ಮಿಯತ್ತ ನೋಡಿದ. ಕೆಂಚಿ ಅವನ ಮೇಲಿಟ್ಟ ದೃಷ್ಟಿ ಕದಲಿಸಲಿಲ್ಲ.

“ನನ್ನದೂ,” ಎಂದ.

ಬೂದಪ್ಪ ಕೊಂಬೆಯಿಂದಿಳಿದು ಬಂದು ದಿಮ್ಮಿ ಎತ್ತಿ ಹಿಡಿದ. ಕೆಂಚಿ ನೀರಿಗೆ ಬಾಯಿಟ್ಟು ಕುಡಿದಳು, ಇಬ್ಬರಿಗೆ ಆಗುವಷ್ಟು.

ನೀತಿ: ಆಳುವವರು ಅಳೆಯುವ ಕೆಲಸವನ್ನು ಬಂಡೆಗೆ ಬಿಡಬಹುದು, ಉತ್ತರ ಹೇಳುವ ಹೊಣೆಯನ್ನಲ್ಲ.