ಚೆನ್ನಾಜಿಯ ಮುಸ್ಸಂಜೆ ಸವಾರಿ

ಒಂದಾನೊಂದು ಊರಿತ್ತಂತೆ. ಆ ಊರಿಗೆ ಏಳು ಸುತ್ತಿನ ಕೋಟೆ, ಕೋಟೆಯೊಳಗೆ ಒಂದು ಅರಮನೆ, ಅರಮನೆಯೊಳಗೆ ಮಲ್ಲರಸ ಅಂತ ಒಬ್ಬ ದೊರೆ. ಯಾರಾದರೂ ಒಬ್ಬರು ಹೂಂಗುಡ್ರಪ್ಪಾ, ಹೂಂಗುಡೋರಿಲ್ಲದಿದ್ದರೆ ಕಥೆ ಮುಂದಕ್ಕೆ ಹೋಗೋದಿಲ್ಲ.

ದೊರೆಗೆ ಒಬ್ಬಳೇ ಮಗಳು, ಚೆನ್ನಾಜಿ ಅಂತ. ಎರಡು ತುಂಬಿ ಮೂರಕ್ಕೆ ಬಿದ್ದಿತ್ತು. ಮಗು ಇನ್ನೂ ಮೊಲೆ ಬಿಡುವ ಮುಂಚೆಯೇ ತಾಯಿಗೆ ಜ್ವರ ಬಂದು, ಒಂದು ಮುಸ್ಸಂಜೆ ಕಣ್ಣು ಮುಚ್ಚಿಬಿಟ್ಟಿದ್ದಳಂತೆ. ಅವತ್ತಿನಿಂದ ಹೊತ್ತು ಮುಳುಗಿತು ಅಂದರೆ ದೊರೆಗೆ ಎದೆಯ ಮೇಲೆ ಕಲ್ಲು ಹೇರಿದ ಹಾಗೆ. ಆದರೆ ದೊರೆಯಾದವನು ಅದನ್ನು ಯಾರ ಮುಂದೆ ಹೇಳಿಕೊಂಡಾನು?

ಹಗಲೆಲ್ಲ ಮಗು ಗುಬ್ಬಚ್ಚಿ ಹಾಗೆ ಕುಪ್ಪಳಿಸಿಕೊಂಡು ಇರುತ್ತಿತ್ತು. ದೀಪ ಹಚ್ಚುವ ಹೊತ್ತಾದರೆ ಸಾಕು, "ಗುಮ್ಮ! ಗುಮ್ಮ!" ಅಂತ ಕಿಟಾರನೆ ಕಿರುಚಿ ಅಪ್ಪನ ಕುತ್ತಿಗೆಗೆ ಜೋತುಬೀಳುತ್ತಿತ್ತಂತೆ. ಅತ್ತು ಅತ್ತು ಬಿಕ್ಕಳಿಕೆ ಹತ್ತಿ, ಉಂಡಿದ್ದನ್ನೆಲ್ಲ ಕಕ್ಕಿಕೊಂಡು, ಸುಸ್ತಾಗಿ ಮಲಗಬೇಕು.

"ಮಗು ಕತ್ತಲಿಗೆ ಹೆದರ್ತದೆ ಸ್ವಾಮಿ" ಅಂದರಂತೆ ದಾದಿಯರು.

"ಹಾಗಾದರೆ ಅರಮನೆಯೊಳಗೆ ಕತ್ತಲೇ ಕಾಲಿಡಬಾರದು" ಅಂದನಂತೆ ದೊರೆ.

ಹತ್ತು ದೀಪ ಹಚ್ಚಿದರು, ಅಳು ನಿಲ್ಲಲಿಲ್ಲ. ನೂರು ದೀಪ ಹಚ್ಚಿದರು, ಅಳು ಜೋರಾಯಿತು. ಸಾವಿರ ದೀಪ ಹಚ್ಚಿ, ಮೂಲೆ ಮೂಲೆಗೂ ಪಂಜು ಹಿಡಿದು ಆಳು ನಿಲ್ಲಿಸಿದರು. ಮಗು ಅಪ್ಪನ ಎದೆಯಲ್ಲಿ ಮುಖ ಹುದುಗಿಸಿದ್ದು ಎತ್ತಲೇ ಇಲ್ಲವಂತೆ.

ಸಾವಿರ ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕು? ಊರ ಗಾಣಗಳಿಂದ ಬರಬೇಕು. ಹೊಂಗೆಣ್ಣೆ ಹೋಯಿತು, ಹರಳೆಣ್ಣೆ ಹೋಯಿತು, ಕಡೆಗೆ ತಲೆಗೆ ತಟ್ಟಿಕೊಳ್ಳುವ ಎಣ್ಣೆಯೂ ಅರಮನೆಗೆ ಹೋಯಿತು. ಊರಿನವರು ಹೊತ್ತಿಗೆ ಮುಂಚೆ ಉಂಡು, ಬಾಗಿಲು ಹಾಕಿಕೊಂಡು, ತಡಕಾಡಿಕೊಂಡು ಮಲಗಬೇಕಾಯಿತು.

ಆ ಊರಿನ ಗಾಣಿಗರ ಬೀದಿಯಲ್ಲಿ ಕೆಂಚವ್ವ ಅಂತ ಒಬ್ಬ ಮುದುಕಿ ಇದ್ದಳಂತೆ. ಗಂಡ ಸತ್ತ ಮೇಲೂ ಒಂಟಿ ಎತ್ತು ಕಟ್ಟಿ ಗಾಣ ನಡೆಸುತ್ತಿದ್ದ ಗಟ್ಟಿಗಿತ್ತಿ. ಅವಳ ಮಗಳು ಸಾಕವ್ವ ಬಾಣಂತನಕ್ಕೆ ಬಂದಿದ್ದಳು. ಹೆರಿಗೆಗೆ ಇರಲಿ ಅಂತ ಕೆಂಚವ್ವ ಒಂದು ಕುಡಿಕೆ ಎಣ್ಣೆ ಮಾಡಿನ ಸಂದಿಯಲ್ಲಿ ಬಚ್ಚಿಟ್ಟಿದ್ದಳಂತೆ. ಅರಮನೆ ಆಳುಗಳು ಅದನ್ನೂ ಹುಡುಕಿ ಒಯ್ದರು. ಅವತ್ತೇ ಸಂಜೆಗೆ ಸಾಕವ್ವನಿಗೆ ನೋವು ಬಂತು. ಸೂಲಗಿತ್ತಿ ಕೈಯಲ್ಲೇ ತಡವಿ ತಡವಿ ಹೆರಿಗೆ ಮಾಡಿಸಿದಳು. ಗಂಡುಕೂಸು ಹುಟ್ಟಿತು, ತಾಯಿಯೂ ಉಳಿದಳು. ಆದರೆ ಹಡೆದವಳಿಗೆ ಮೊಲೆಯಲ್ಲಿ ಹಾಲಿಳಿಯಲಿಲ್ಲ. ಕೂಸಿಗೆ ಆಕಳ ಹಾಲನ್ನು ಮೂತಿಯಿರುವ ಪುಟ್ಟ ಒಳಲೆಯಲ್ಲಿ ತೊಟ್ಟು ತೊಟ್ಟು ಬಾಯಿಗೆ ಬಿಡಬೇಕು. ಕತ್ತಲಲ್ಲಿ ಬಾಯಿ ಯಾವುದು, ಮೂಗು ಯಾವುದು?

ಮೂರು ದಿನ ಕೆಂಚವ್ವ ಯೋಚನೆ ಮಾಡಿದಳಂತೆ. ನಾಲ್ಕನೆಯ ದಿನ ಸೀರೆ ಕೊಡವಿ ಉಟ್ಟು ಅರಮನೆಗೆ ಹೋದಳು.

"ಬುದ್ಧೀ, ನಿಮ್ಮ ಮಗೀನ ಅಳು ನಾನು ನಿಲ್ಲಿಸ್ತೀನಿ. ಸಂಜೆ ಸಂಜೆ ಒಂದು ಗಳಿಗೆ ನನ್ನ ಕೈಗೆ ಕೊಡಿ."

ದೊರೆ ಮೇಲಿಂದ ಕೆಳಗೆ ನೋಡಿದನಂತೆ. ವೈದ್ಯರು ಬಂದು ಹೋಗಿದ್ದರು, ಮಂತ್ರದವರು ಬಂದು ಹೋಗಿದ್ದರು.

"ಏಳು ಸಂಜೆ ಕೊಡ್ತೀನಿ ಮುದುಕಿ. ಅಳು ಹೆಚ್ಚಾಯ್ತೋ, ನಿನ್ನ ಗಾಣ ಕೀಳಿಸಿ ಕೋಟೆಯಾಚೆ ಎಸೀತೀನಿ."

"ಆಗಲಿ ಬುದ್ಧಿ" ಅಂದಳಂತೆ ಕೆಂಚವ್ವ. ಎಣ್ಣೆಯ ಮಾತೇ ಎತ್ತಲಿಲ್ಲ.

ಮೊದಲನೆಯ ಸಂಜೆ, ಇನ್ನೂ ಒಂದು ದೀಪವೂ ಹತ್ತದಿರುವಾಗಲೇ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹಿತ್ತಲ ಬಾಗಿಲಿಂದ ಹೊರಗೆ ಬಂದಳು. ಆನೆ ಲಾಯದ ಪಕ್ಕದ ಕಲ್ಲಿನ ಮೇಲೆ ಕೂತಳು.

"ಚೆನ್ನವ್ವಾ, ಕತ್ತಲು ಹೆಂಗೆ ಬರ್ತದೆ ನೋಡೋಣ, ಸುಮ್ಕೆ ಕೂತ್ಕೊ."

ಮೊದಲು ಮರದ ಬುಡ ಕಪ್ಪಾಯಿತು, ಆಮೇಲೆ ಗೋಡೆ, ಆಮೇಲೆ ಮುದುಕಿಯ ಮುಖ. ಮಗು ತುಟಿ ಉಬ್ಬಿಸಿತು. ಅಷ್ಟರಲ್ಲಿ ಕಂದಕದಿಂದ ವಟರ್ ವಟರ್ ಅಂತ ಸದ್ದು ಬಂತು.

"ಯಾರವ್ವಾ ಅದು ಮಾತಾಡೋದು?"

ಮಗು ಕಿವಿಗೊಟ್ಟಿತು. "ಕಪ್ಪೆ."

"ಏನಂತೆ ಅದಕ್ಕೆ?"

ಮಗು ಯೋಚನೆ ಮಾಡಿತಂತೆ. "ಹಚಿವಂತೆ."

"ಏನು ಬೇಕಂತೆ?"

"ಹೋಳಿಗೆ!" ಅಂದು ತನ್ನ ಮಾತಿಗೆ ತಾನೇ ಕಿಲಕಿಲ ನಕ್ಕಿತು. ದೊರೆಯ ಮಗಳು ಹೊತ್ತು ಮುಳುಗಿದ ಮೇಲೆ ನಕ್ಕಿದ್ದು ಅದೇ ಮೊದಲಂತೆ. ಅವತ್ತಿನಿಂದ ಮಗು ಹೆಗಲ ಮೇಲೆ ನಿದ್ದೆಹೋದ ಮೇಲೆಯೇ ಮುದುಕಿ ಒಳಗೆ ಒಯ್ಯುತ್ತಿದ್ದಳು.

ಎರಡನೆಯ ಸಂಜೆ ಕಾಲಿನ ಜೋಡು ಬಿಚ್ಚಿಸಿ ನೆಲಕ್ಕೆ ಬಿಟ್ಟಳು. ಹಗಲಿನ ಬಿಸಿಲು ಕುಡಿದ ಹಾಸುಗಲ್ಲು ಇನ್ನೂ ಬೆಚ್ಚಗಿತ್ತು. ಅದರ ಪಕ್ಕದ ಹುಲ್ಲು ತಣ್ಣಗಿತ್ತು. ಮಗು ಕಲ್ಲಿಗೊಂದು ಹೆಜ್ಜೆ ಇಟ್ಟು "ಬಿಚಿ!" ಅನ್ನೋದು, ಹುಲ್ಲಿಗೊಂದು ಹೆಜ್ಜೆ ಇಟ್ಟು "ತಣ್ಣ!" ಅನ್ನೋದು. ಬಿಚಿ, ತಣ್ಣ, ಬಿಚಿ, ತಣ್ಣ ಅಂತ ಕುಣಿಯುತ್ತಲೇ ಹೊರಬಾಗಿಲವರೆಗೂ ಹೋಗಿಬಿಟ್ಟಿತಂತೆ. ಮೂರನೆಯ ಸಂಜೆ ಬೀದಿಗಿಳಿದರು. "ಇವತ್ತು ಮೂಗಲ್ಲಿ ನೋಡಬೇಕು" ಅಂದಳು ಮುದುಕಿ. ಒಂದು ಮನೆಯಲ್ಲಿ ಹುರುಳಿ ಬೇಯುತ್ತಿತ್ತು, ಒಂದು ಗೋಡೆಯ ಮೇಲೆ ಮಲ್ಲಿಗೆ ಬಿರಿದಿತ್ತು, ಮುಂದೆ ದನದ ಕೊಟ್ಟಿಗೆ. ಕೊಟ್ಟಿಗೆ ಹತ್ತಿರ ಬಂದಾಗ ಮಗು ಮೂಗು ಹಿಡಿದುಕೊಂಡು "ಚೀ ಚೀ!" ಅಂದಿತು. ಆಮೇಲೆ "ಇನ್ನೊಂದು ಚಲ" ಅಂತ ಹಠ ಮಾಡಿ ಮತ್ತೆ ಅಲ್ಲಿಗೇ ಎಳೆದುಕೊಂಡು ಹೋಯಿತು.

ನಾಲ್ಕನೆಯ ಸಂಜೆ ಏನೂ ನಡೆಯಲಿಲ್ಲ ನೋಡಿ. ಮಗು ನಾಲ್ಕು ಹೆಜ್ಜೆ ಹೋಗಿ, ಎತ್ಕೋ ಅಂತ ನೆಲಕ್ಕೆ ಕೂತುಬಿಟ್ಟಿತು. ಎತ್ತಿಕೊಂಡರೆ ಇಳಿಸು ಅಂತು. ಕೆಂಚವ್ವ ಗದರಲೂ ಇಲ್ಲ, ಪುಸಲಾಯಿಸಲೂ ಇಲ್ಲ. "ಇವತ್ತು ಸಾಕು ಬಾರವ್ವ" ಅಂತ ವಾಪಸು ಕರೆದುಕೊಂಡು ಬಂದಳಂತೆ.

ಐದನೆಯ ಸಂಜೆ ಕೋಟೆ ಗೋಡೆಯ ಬುಡದಲ್ಲಿ ಮಿಂಚುಹುಳ ಕಂಡವು. ಮಗು ಕುಕ್ಕುರುಗಾಲಲ್ಲಿ ಕೂತು "ಬಾ ಬಾ" ಅಂತ ಅಂಗೈ ಚಾಚಿತ್ತು. ಮಿಂಚುಹುಳವೂ ಬರಲಿಲ್ಲ, ಮಗುವೂ ಏಳಲಿಲ್ಲ, ಹೊತ್ತಾಯಿತು. ಅತ್ತ ದೊರೆಗೆ ತಡೆಯಲಾಗಲಿಲ್ಲ. ಮಗಳು ಇನ್ನೂ ಬಂದಿಲ್ಲ, ಹೊರಗೆ ಕತ್ತಲು. ನಲವತ್ತು ಪಂಜಿನವರನ್ನು ಕರೆದುಕೊಂಡು ಓಡೋಡಿ ಬಂದ. ಧಗ್ಗನೆ ಬೆಳಕಾಯಿತು.

"ಗುಮ್ಮ!"

ಮಗು ಚೀರಿದ ಚೀರಾಟಕ್ಕೆ ಲಾಯದ ಕುದುರೆಗಳೆಲ್ಲ ಎದ್ದು ನಿಂತವಂತೆ.

"ನೋಡು, ಅಳಿಸಿಬಿಟ್ಟೆ!" ಅಂತ ಗುಡುಗಿದ ದೊರೆ. "ನಾಳೆ ಬೆಳಗ್ಗೆ ನಿನ್ನ ಗಾಣ..."

ಕೆಂಚವ್ವ ಅವನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಮಗು ಬೆರಳು ಮಾಡಿದ ಕಡೆ ನೋಡುತ್ತಿದ್ದಳು. ಕೋಟೆ ಗೋಡೆಯ ಮೇಲೆ ದೊರೆಯ ನೆರಳು, ಪೇಟ ಸಮೇತ, ಆನೆಯಷ್ಟು ದೊಡ್ಡದು. ಪಂಜು ಅಲುಗಾಡಿದ ಹಾಗೆಲ್ಲ ಅದು ಕೈ ಚಾಚುತ್ತಿತ್ತು, ಬಗ್ಗುತ್ತಿತ್ತು. ಅದರ ಹಿಂದೆ ನಲವತ್ತು ಆಳಿಗೆ ನಲವತ್ತು ನೆರಳು.

"ಬುದ್ಧೀ, ಕಾಲಿಗೆ ಬೀಳ್ತೀನಿ. ಒಂದು ಗಳಿಗೆ ಪಂಜು ಆರಿಸ್ರಿ. ಆಮೇಲೆ ನನ್ನ ತಲೆ ಬೇಕಾದ್ರೂ ತೆಗೀರಿ."

ದೊರೆ ಮಗುವಿನ ಮುಖ ನೋಡಿದ, ಮುದುಕಿಯ ಮುಖ ನೋಡಿದ, ಕೈ ಸನ್ನೆ ಮಾಡಿದ. ನಲವತ್ತು ಪಂಜೂ ಮಣ್ಣಿಗೆ ಬಿದ್ದವು. ಕತ್ತಲಾಯಿತು.

ಮಗು ಬಿಕ್ಕಿತು, ಇನ್ನೊಂದು ಸಲ ಬಿಕ್ಕಿತು. ಆಮೇಲೆ ಸಣ್ಣ ದನಿಯಲ್ಲಿ, "ಗುಮ್ಮ ಹೋತು" ಅಂದಿತಂತೆ.

"ಕೂಸು ಹೆದರಿದ್ದು ಕತ್ತಲಿಗಲ್ಲ ಬುದ್ಧಿ, ಗೋಡೆ ಮೇಲೆ ಕುಣಿಯೋ ನೆರಳಿಗೆ. ನೀವು ಪಾಪ, ಮಗಳು ಹೆದರ್ತಾಳೆ ಅಂತ ದೀಪ ಹೆಚ್ಚಿಸಿದ್ರಿ. ದೀಪ ಹೆಚ್ಚಿದಂಗೆಲ್ಲ ನೆರಳೂ ಹೆಚ್ಚಿದ್ವು."

ದೊರೆ ಕತ್ತಲಲ್ಲಿ ಗೋಡೆ ತಡಕಿ ಹಿಡಿದುಕೊಂಡನಂತೆ. ರಾಣಿ ಹೋದ ಮೇಲೆ ಅವನು ದೀಪವಿಲ್ಲದ ಕಡೆ ನಿಂತದ್ದೇ ಇರಲಿಲ್ಲ. ಅವನ ಇನ್ನೊಂದು ಕೈಯ ಕಿರುಬೆರಳನ್ನು ಒಂದು ಪುಟ್ಟ ಕೈ ಹಿಡಿದುಕೊಂಡಿತು.

"ಅಪ್ಪಾ, ಬಾ."

ಆಳುಗಳನ್ನು ಅಲ್ಲೇ ನಿಲ್ಲಿಸಿ ಮೂವರೂ ಹೊರಟರು. ಮುಂದೆ ಚೆನ್ನಾಜಿ, ಅವಳ ಹಿಂದೆ ಬಗ್ಗಿಕೊಂಡು ದೊರೆ, ಅವನ ಹಿಂದೆ ಕೆಂಚವ್ವ. ಮಗು ಅಪ್ಪನ ಜೋಡು ಬಿಚ್ಚಿಸಿತು. ಕಲ್ಲು ತುಳಿಸಿತು, ಹುಲ್ಲು ತುಳಿಸಿತು. ಕಪ್ಪೆಗೆ ಹೋಳಿಗೆ ಬೇಕಂತೆ ಅಂತ ಹೇಳಿತು. ಕೊಟ್ಟಿಗೆ ಹತ್ತಿರ ನಿಲ್ಲಿಸಿ "ಚೀ ಅನ್ನು" ಅಂತ ಅಪ್ಪಣೆ ಮಾಡಿತು. ಏಳು ಸುತ್ತಿನ ಕೋಟೆಯ ದೊರೆ ಬೀದಿಯಲ್ಲಿ ಬರಿಗಾಲಲ್ಲಿ ನಿಂತು "ಚೀ" ಅಂದ. ಮಗು ನಕ್ಕಿತು. ದೊರೆಗೂ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತಂತೆ. ಕತ್ತಲಲ್ಲಿ ಯಾರು ನೋಡಬೇಕು?

ಹಾಗೇ ನಡೆಯುತ್ತಾ ಗಾಣಿಗರ ಬೀದಿಗೆ ಬಂದರು. ಎಡಕ್ಕೂ ದೀಪವಿಲ್ಲ, ಬಲಕ್ಕೂ ದೀಪವಿಲ್ಲ. ಒಂದು ಮನೆಯೊಳಗಿಂದ ಉಸ್ಸುಬುಸ್ಸು ಅಂತ ಒಲೆ ಊದುವ ಸದ್ದು, ಕೂಸು ಕೆಮ್ಮುವ ಸದ್ದು, ಬಾಣಂತಿಯ ದನಿ: "ಉರಿಯೇ ಒಲೆ, ನಮ್ಮವ್ವ ಅಲ್ವಾ... ಹಾಲು ಮೂಗಿಗೆ ಹೋಗ್ತಾ ಐತೆ, ಕೂಸಿನ ಬಾಯೇ ಕಾಣದಲ್ಲೋ ಶಿವನೇ."

ದೊರೆ ನಿಂತುಬಿಟ್ಟ. "ಇದು ಯಾರ ಮನೆ?"

"ನನ್ನದೇ ಬುದ್ಧಿ. ಒಳಗಿರೋದು ಮಗಳು."

"ಎಣ್ಣೆ ತೆಗೆಯೋ ಮನೆಯಲ್ಲಿ ದೀಪ ಯಾಕಿಲ್ಲ?"

"ಎಣ್ಣೆ ಅರಮನೇಲೈತೆ ಬುದ್ಧಿ."

ದೊರೆಗೆ ಆಗ ತಿಳಿಯಿತು. ತಿರುಗಿ ಬೀದಿಯ ಉದ್ದಕ್ಕೂ ನೋಡಿದ. ಅವನು ಬೀದಿಗೆ ಬಂದಾಗಲೆಲ್ಲ ನಲವತ್ತು ಪಂಜಿನ ಜೊತೆ ಬಂದವನು. ಈ ಕತ್ತಲು ಅವನ ಕಣ್ಣಿಗೆ ಬಿದ್ದದ್ದೇ ಇಲ್ಲ.

"ಮೊದಲ ದಿನವೇ ಯಾಕೆ ಹೇಳಲಿಲ್ಲ ತಾಯಿ? ಹೇಳಿದ್ದರೆ ಎಣ್ಣೆ ಕೊಡ್ತಿರಲಿಲ್ವಾ?"

"ಕೊಡ್ತಿದ್ರಿ ಬುದ್ಧಿ. ನನ್ನ ಕೂಸು ಹಾಲು ಕುಡೀತಿತ್ತು, ನಿಮ್ಮ ಕೂಸು ಅಳ್ತಾನೇ ಇರ್ತಿತ್ತು. ಅದೂ ತಾಯಿಲ್ಲದ್ದು."

ಇಷ್ಟು ಕೇಳಿದ್ದೇ ದೊರೆ ಆ ಗುಡಿಸಲ ಮುಂದೆ, ಮಣ್ಣಿನಲ್ಲಿ, ಮುದುಕಿಯ ಎದುರು ಕೈಮುಗಿದು ಕೂತನಂತೆ.

ಅವತ್ತೇ ರಾತ್ರಿ ಗಾಡಿ ಗಾಡಿ ಎಣ್ಣೆ ಅರಮನೆಯಿಂದ ಹೊರಟಿತು. ಮೊದಲ ಕೊಡ ಸಾಕವ್ವನ ಮನೆಗೆ. ಆಮೇಲೆ ಕುಂಬಾರರ ಬೀದಿ, ನೇಕಾರರ ಬೀದಿ, ಅಗಸರ ಬೀದಿ. ಅರಮನೆಗೆ ಉಳಿದದ್ದು ದೇವರ ಮುಂದೆ ಒಂದು, ಅಡುಗೆಮನೆಗೆ ಒಂದು, ತೊಟ್ಟಿಲ ಹತ್ತಿರ ಅಲುಗಾಡದ ಹಾಗೆ ಗೂಡಿನಲ್ಲಿಟ್ಟ ಒಂದು. ಏಳನೆಯ ಸಂಜೆಯವರೆಗೂ ಕಾಯಬೇಕಾಗಿಯೇ ಬರಲಿಲ್ಲ.

ಅಲ್ಲಿಂದ ಮುಂದೆ ಅಪ್ಪ ಮಗಳು ಪ್ರತಿ ಸಂಜೆ ಪಂಜಿಲ್ಲದೆ ಊರು ಸುತ್ತುತ್ತಿದ್ದರಂತೆ. ಬಾಗಿಲಲ್ಲಿ ಕೂತ ಹೆಂಗಸರು "ಯಾರದು ಕತ್ತಲಲ್ಲಿ?" ಅಂತ ಕೇಳೋರು. "ನಾನು, ಚೆನ್ನಾಜಿ! ಅಪ್ಪನ್ನ ಕರ್ಕೊಂಡ್ ಬಂದೀನಿ!" ಅನ್ನೋದು ಮಗು. "ನೀನು ತಣ್ಣಗಿರವ್ವ, ನಿನ್ನಿಂದ ನಮ್ಮನೇಲಿ ದೀಪ ಉರೀತೈತೆ" ಅಂತ ಒಬ್ಬಳು ಬೆಲ್ಲ ಕೊಟ್ಟರೆ, ಇನ್ನೊಬ್ಬಳು ಹುರಿಗಡಲೆ ಕೊಡೋಳು. ಹಾಗೆ ನಡೆದೂ ನಡೆದೂ ದೊರೆಗೆ ಯಾರ ಮನೆಯಲ್ಲಿ ಕೆಮ್ಮು, ಯಾರ ಮನೆಯಲ್ಲಿ ಹೊಸ ಕೂಸು, ಯಾರ ಮಾಡು ಸೋರುತ್ತೆ ಅನ್ನೋದು ಗೊತ್ತಾಯಿತು.

ಗಾಣಿಗರ ಬೀದಿಗೆ ಬಂದಾಗ ಮಾತ್ರ ದೊರೆ ತಪ್ಪದೆ ನಿಂತು, "ತಾಯೀ, ನಿನ್ನ ಋಣ ತೀರಿಸೋಕಾಗಲ್ಲ" ಅನ್ನುತ್ತಿದ್ದನಂತೆ.

ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ಕೆಂಚವ್ವ ಅನ್ನೋಳು: "ನನಗ್ಯಾಕೆ ಹೇಳ್ತೀರಿ ಬುದ್ಧಿ? ಕೂಸಿಗೆ ಹೇಳಿ. ಅಷ್ಟು ದೂರ ನಡೆದದ್ದು ಅದು."

ಅವರು ಅಲ್ಲಿ ನಡಕೊಂಡು ಸುಖವಾಗಿದ್ದರು, ನಾವು ಇಲ್ಲಿ ಕೂತುಕೊಂಡು ಸುಖವಾಗಿದ್ದೀವಿ. ಹೇಳಿದವಳ ಬಾಯಿ ತಣ್ಣಗಿರಲಿ, ಹೂಂಗುಟ್ಟಿದವರ ಮನೆ ಬೆಳಗಲಿ.