ಎಂಟಾಳು ನೀರಿನ ಮೀನು

"ಸಂಕವ್ವನಿಗೆ ಇನ್ನೇನು ಕೊಟ್ಟರೆ ಅವಳು ಮತ್ತೆ ಹಾಡಿಯಾಳು, ಗುರುಗಳೇ?"

ಹೀಗೆ ಕೇಳಿದವನು ಮಠದ ಶಿಷ್ಯ ಅಡಿವೆಪ್ಪ. ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕುಳಿತು ತಮ್ಮ ಪಂಚೆ ಒಗೆಯುತ್ತಿದ್ದರು. ಎಪ್ಪತ್ತು ದಾಟಿದ್ದರೂ ತಮ್ಮ ಬಟ್ಟೆಯನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ತಲೆ ಎತ್ತದೆಯೇ, ನಡೆದದ್ದನ್ನು ಮೊದಲಿನಿಂದ ಹೇಳು ಎಂದರು.

ಅಡಿವೆಪ್ಪ ಹೇಳಿದ. ಸಂಕವ್ವ ಹೊಳೆಯಾಚೆಯ ಊರಿನಲ್ಲಿ ಪುಂಡಿನಾರಿನ ಹಗ್ಗ ಹೊಸೆಯುವ ಹೆಂಗಸು. ಹೊಸೆಯುತ್ತ ತನ್ನಷ್ಟಕ್ಕೆ ತಾನು ಹಾಡಿಕೊಳ್ಳುತ್ತಿದ್ದಳು. ಯಾರಿಂದಲೂ ಕಲಿತ ಹಾಡಲ್ಲ, ಅವಳೇ ಕಟ್ಟಿದ್ದು. ಆ ದಾರಿಯಲ್ಲಿ ಹೋಗುತ್ತಿದ್ದ ಅಡಿವೆಪ್ಪ ಒಂದು ದಿನ ಅದನ್ನು ಕೇಳಿ ನಿಂತಲ್ಲೇ ನಿಂತುಬಿಟ್ಟ. ಇಂಥವಳು ನಾರಿನ ರಾಶಿಯ ನಡುವೆ ಸವೆದು ಹೋಗಬಾರದೆಂದು, ಅವಳ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲವನ್ನೂ ಮಾಡಿ, ಮಠಕ್ಕೆ ಕರೆತಂದ. ಹೊಸ ಸೀರೆ ಕೊಡಿಸಿದ. ಜಗಲಿಯ ಮೇಲೆ ಗಾದಿ ಹಾಕಿಸಿ ಕೂರಿಸಿದ. ಮೊದಲ ವಾರ ಅವಳು ಹಾಡಿದಳು, ಜನ ಕಣ್ಣೊರೆಸಿಕೊಂಡರು. ಎರಡನೆಯ ವಾರ ದನಿ ಸಣ್ಣದಾಯಿತು. ಈಗ ನಾಲ್ಕು ದಿನದಿಂದ ಹಾಡೂ ಇಲ್ಲ, ಊಟವೂ ಇಲ್ಲ. ಗಾದಿಯ ಮೇಲೆ ಕುಳಿತು ಬರಿಗೈಯನ್ನೇ ಹಗ್ಗದ ಹಾಗೆ ಹೊಸೆಯುತ್ತಿರುತ್ತಾಳೆ. ಹಾಲು ಕೊಟ್ಟಾಯಿತು, ಕಷಾಯ ಕೊಟ್ಟಾಯಿತು, ವೈದ್ಯರು ಬಂದು ನಾಡಿ ನೋಡಿ ಹೋದರು. ನಾಡಿದ್ದು ಹುಣ್ಣಿಮೆಗೆ ಹನ್ನೆರಡು ಊರಿನ ಜನ ಅವಳ ಹಾಡು ಕೇಳಲೆಂದೇ ಬರುವವರಿದ್ದಾರೆ. ಬರಹೇಳಿದವನು ಅಡಿವೆಪ್ಪನೇ.

"ಅವಳ ಉದ್ಧಾರಕ್ಕೆಂದೇ ನಾನು ಇಷ್ಟೆಲ್ಲ ಮಾಡಿದೆ" ಎಂದ ಅವನು.

"ಉದ್ಧಾರ ಎಂದರೆ ಏನಯ್ಯಾ?"

"ಮೇಲಕ್ಕೆ ಎತ್ತುವುದು."

"ಎತ್ತಿದ್ದಾಯಿತಲ್ಲ" ಎಂದರು ಗುರುಗಳು. ಪಂಚೆಯನ್ನು ಒಮ್ಮೆ ನೀರಿಗೆ ಅದ್ದಿ ಕಲ್ಲಿನ ಮೇಲೆ ಹಾಕಿದರು. ಕುಳಿತುಕೋ, ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ ಎಂದು ಗದರಿಸಿ ಶುರು ಮಾಡಿದರು.

ಒಂದು ಹೊಳೆ. ಆ ಹೊಳೆಯಲ್ಲಿ ಒಂದು ಮಡು. ಅದರ ಆಳ ಎಂಟಾಳು. ಒಬ್ಬನ ಹೆಗಲ ಮೇಲೊಬ್ಬನಂತೆ ಎಂಟು ಜನ ನಿಂತರೆ ಮೇಲಿನವನ ಜುಟ್ಟು ಮಾತ್ರ ನೀರಿನ ಹೊರಗೆ, ಅಷ್ಟು ಆಳ. ಹೊಳೆಯ ಎರಡು ದಡಗಳಲ್ಲಿ ಬೆಸ್ತರ ಎರಡು ಕೇರಿಗಳಿದ್ದವು. ಮಡು ಒಂದು, ಕೇರಿ ಎರಡು. ಜಗಳವಾಗದೆ ಇರುತ್ತದೆಯೇ? ತಲೆ ಒಡೆದುಕೊಂಡು ಸಾಕಾದ ಮೇಲೆ ಹಿರಿಯರು ಕುಳಿತು ಒಂದು ಪಂದ್ಯ ಗೊತ್ತು ಮಾಡಿದರು. ವರ್ಷಕ್ಕೊಂದು ದಿನ ಎರಡು ಕೇರಿಯವರೂ ಮಡುವಿಗೆ ಗಾಳ ಹಾಕಬೇಕು. ಯಾರ ಮೀನು ಉದ್ದವೋ ಆ ಕೇರಿಗೆ ಒಂದು ವರ್ಷ ಮಡು. ಸೋತವರಿಗೆ ಮೊಣಕಾಲುದ್ದದ ಮರಳು ನೀರು.

ಆದರೆ ಪಂದ್ಯದ ದಿನ ಮಡುವಿನ ಮೀನನ್ನು ಕೊಲ್ಲುವಂತಿರಲಿಲ್ಲ. ಹಿಡಿದ ಮೀನನ್ನು ದಡದ ಕಲ್ಲುಬಾನಿಯಲ್ಲಿ ಎಲ್ಲರ ಕಣ್ಣೆದುರಿಗೆ ಬಿಡಬೇಕು. ಹೊತ್ತು ನೆತ್ತಿಗೆ ಬಂದಾಗ ಪಕ್ಕದೂರಿನಿಂದ ಅಳತೆಗಾರ ಬರುತ್ತಾನೆ. ಅವನು ಕೋಲು ಇಡುವಾಗ ಮೀನು ಬಾನಿಯಲ್ಲಿರಬೇಕು, ಜೀವದಿಂದಿರಬೇಕು. ಅಳೆದ ಮೇಲೆ ಅದನ್ನು ಮತ್ತೆ ಮಡುವಿಗೆ ಬಿಡಬೇಕು. ಸತ್ತ ಮೀನಿಗೆ ಅಳತೆಯಿಲ್ಲ, ಕಾಣದ ಮೀನಿಗೆ ಮಾತಿಲ್ಲ ಎಂಬುದು ಅವರ ಕಟ್ಟಳೆ.

ಅಲ್ಲಿ ಒಬ್ಬ ಬೆಸ್ತನಿದ್ದ. ಅವನ ಕೇರಿ ಮೂರು ವರ್ಷ ಸೋತಿತ್ತು. ಮೂರು ವರ್ಷ ಇಪ್ಪತ್ತು ಮನೆಯವರು ಮರಳು ನೀರಿನ ಬೆರಳುದ್ದದ ಮೀನಿನಲ್ಲಿ ಹೊಟ್ಟೆ ಹೊರೆದಿದ್ದರು. ಆ ವರ್ಷ ಅವನು ಗಾಳವನ್ನು ತಳ ಮುಟ್ಟಿಸಿದ. ಹೊತ್ತು ನೆತ್ತಿಗೆ ಬರಲು ಮೂರು ಗಳಿಗೆ ಇರುವಾಗ ಮೀನು ಕಚ್ಚಿತು. ಎಲ್ಲಿ ತಪ್ಪಿಸಿಕೊಂಡೀತೋ ಎಂದು ಸರಸರನೆ ಎಳೆದುಬಿಟ್ಟ. ಅಷ್ಟುದ್ದದ ಮೀನನ್ನು ಆ ದಡದಲ್ಲಿ ಯಾರೂ ನೋಡಿರಲಿಲ್ಲ. ನೆಲಕ್ಕೆ ಊರಿ ಹಿಡಿದರೆ ಸೊಂಟಕ್ಕೆ ಬರುತ್ತಿತ್ತು. ಕೇರಿಯವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನಿಗೆ ಅಳು ಬಂತು. ಬರಬೇಕಾದದ್ದೇ. ಇಪ್ಪತ್ತು ಮನೆಯ ಒಲೆ ಅವನ ಗಾಳದ ತುದಿಯಲ್ಲಿತ್ತು.

ಮೀನನ್ನು ಬಾನಿಗೆ ಬಿಟ್ಟರು. ಅದು ಹೊಟ್ಟೆ ಮೇಲೆ ಮಾಡಿತು. ಬಾಲ ಬಡಿದು ಕೆಳಗೆ ಹೋಗಲು ನೋಡುತ್ತದೆ, ಬೆಂಡಿನ ಹಾಗೆ ಮತ್ತೆ ಮೇಲೆ ಬರುತ್ತದೆ. ಹೊಟ್ಟೆ ಉಬ್ಬಿತ್ತು, ಕಣ್ಣುಗುಡ್ಡೆ ಹೊರಗೆ ಬಂದಿತ್ತು, ಬಾಯಲ್ಲಿ ಕೆಂಪಗೆ ಒಂದು ಚೀಲ ಇಣುಕುತ್ತಿತ್ತು.

ಆಗ ಶುರುವಾಯಿತು ನೋಡು ಉಪಚಾರ. ಒಬ್ಬ ತಣ್ಣೀರು ತಂದು ಸುರಿದ. ಒಬ್ಬಳು ಹಿಟ್ಟಿನ ಉಂಡೆ ಹಾಕಿದಳು. ಬಿಸಿಲು ತಾಗದಿರಲೆಂದು ಯಾರೋ ಬಾನಿಯ ಮೇಲೆ ಕಂಬಳಿ ಹಿಡಿದರು. ಬೆಸ್ತ ಎರಡು ಕೈಯಿಂದ ಮೀನನ್ನು ನೆಟ್ಟಗೆ ಹಿಡಿದುಕೊಂಡ. ಕೈ ಸಡಿಲಿಸಿದರೆ ಸಾಕು, ಹೊರಳುತ್ತದೆ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಅಂಥವನೊಬ್ಬ ಜಾಲಿಮುಳ್ಳು ಹಿಡಿದು ಬಂದ. ಬಾಯಲ್ಲಿ ಕಾಣುವುದೇ ಗಾಳಿಚೀಲ, ಚುಚ್ಚಿದರೆ ಗಾಳಿಯೆಲ್ಲ ಹೋಗಿ ಮೀನು ಸರಿಯಾಗುತ್ತದೆ ಎಂದ. ಬೆಸ್ತ ಮೀನಿನ ಬಾಯಿ ಅಗಲಿಸಿ ಹಿಡಿದ.

ಅವನ ಹೆಂಡತಿ ನಡುವೆ ಕೈ ಹಾಕಿ ಮುಳ್ಳನ್ನು ಕಿತ್ತುಕೊಂಡಳು. ಗಂಡಸರು ಮೀನನ್ನು ಹೊರಗಿನಿಂದ ಬಲ್ಲವರು. ಅದನ್ನು ಕೊಯ್ಯುವವರು ಹೆಂಗಸರು, ಅವರು ಒಳಗಿನಿಂದ ಬಲ್ಲರು. ಬಾಯಲ್ಲಿ ಕಾಣುವುದು ಗಾಳಿಚೀಲವಲ್ಲ, ಅದು ಮೀನಿನ ಜಠರ ಎಂದಳು ಅವಳು. ಗಾಳಿಚೀಲ ಬೆನ್ನುಮೂಳೆಯ ಕೆಳಗಿದೆ, ಅದು ಉಬ್ಬಿ ಜಠರವನ್ನು ಬಾಯಿಗೆ ನೂಕಿದೆ, ಅಷ್ಟೆ. ಹೋದ ವರ್ಷ ನಮ್ಮ ಕೇರಿಯ ಮೀನು ಸತ್ತದ್ದು ಇದೇ ಮುಳ್ಳಿನಿಂದ ಎಂದೂ ಹೇಳಿದಳು. ಮುಳ್ಳು ತಂದವನು ಹಿಂದೆ ಸರಿದ.

"ಹಾಗಾದರೆ ಇದಕ್ಕೆ ಏನು ಕೊಡಲಿ?" ಎಂದ ಬೆಸ್ತ.

"ಕೊಡುವುದು ಏನೂ ಇಲ್ಲ. ಇದಕ್ಕೆ ರೋಗವಿಲ್ಲ. ಎಂಟಾಳು ನೀರಿನ ಭಾರ ಮೈಮೇಲಿದ್ದಾಗ ಇದು ನೆಟ್ಟಗೆ ಈಜಿಕೊಂಡಿತ್ತು. ಆ ಭಾರವನ್ನು ನೀನು ಒಂದೇ ಎಳೆತಕ್ಕೆ ತೆಗೆದೆ. ಎತ್ತಿದವನೇ ಇಳಿಸು" ಎಂದಳು ಹೆಂಡತಿ.

ಬೆಸ್ತ ಹೊತ್ತು ನೋಡಿದ. ನೆತ್ತಿಗೆ ಬರಲು ಇನ್ನು ಒಂದು ಗಳಿಗೆ ಇತ್ತು. ಅಳತೆಯೊಂದು ಆಗಲಿ, ಆಗುತ್ತಲೇ ಇಳಿಸುತ್ತೇನೆ ಎಂದ.

ಇಲ್ಲಿ ಅಡಿವೆಪ್ಪ ತಡೆಯಲಾರದೆ ಬಾಯಿ ಹಾಕಿದ. ಒಂದು ಗಳಿಗೆ ತಾನೇ, ಅಷ್ಟು ಹೊತ್ತು ಹೇಗಾದರೂ ಹಿಡಿದಿಟ್ಟರೆ ಮೀನಿಗೂ ಆಯಿತು, ಕೇರಿಗೂ ಆಯಿತು ಎಂದ. ಗುರುಗಳು ಒಗೆಯುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದರು. ಮತ್ತೆ ಕತೆ ಮುಂದುವರಿಸಿದರು.

ಕೇರಿಯವರೂ ಇದೇ ಮಾತು ಹೇಳಿದರಪ್ಪಾ. ಅವರನ್ನು ಬೈಯಬೇಡ, ಮೂರು ವರ್ಷ ಅರೆಹೊಟ್ಟೆ ಉಂಡವರು ಅವರು. ಹೆಂಡತಿ ಗಂಡನ ಬೆರಳನ್ನು ಹಿಡಿದು ಮೀನಿನ ಕಿವಿರಿನ ಮೇಲೆ ಇಟ್ಟಳು. ಕಿವಿರು ಒಮ್ಮೆ ತೆರೆಯಿತು. ಬೆಸ್ತ ಕಾದ. ಬಹಳ ಹೊತ್ತಿನ ಮೇಲೆ ಮತ್ತೊಮ್ಮೆ ತೆರೆಯಿತು. ಅವನು ಮೂವತ್ತು ವರ್ಷ ಮೀನು ಹಿಡಿದವನು, ಆದರೆ ಸಾಯುವ ಮೀನಿನ ಉಸಿರಿಗೆ ಬೆರಳಿಟ್ಟು ಕುಳಿತವನಲ್ಲ. ಅವನಿಗೆ ಭಯವಾಯಿತು.

ಅವನು ಎದ್ದ. ಮೀನನ್ನು ಸುಮ್ಮನೆ ನೀರಿಗೆ ಬಿಟ್ಟರೆ ತೇಲುತ್ತದೆ. ಕಲ್ಲು ಕಟ್ಟಿ ಬಿಟ್ಟರೆ ಮುಳುಗುತ್ತದೆ, ನಿಜ, ತಳದಲ್ಲಿ ಗಂಟು ಬಿಚ್ಚುವವರು ಯಾರು? ಒಂದು ತೋಳಿನಲ್ಲಿ ಮೀನನ್ನು ಅವಚಿಕೊಂಡ, ಇನ್ನೊಂದು ತೋಳಿನಲ್ಲಿ ಗುಂಡುಕಲ್ಲು ಹಿಡಿದ, ಮಡುವಿಗೆ ಹಾರಿದ. ಕೇರಿಯವರು ಅವನ ಹಿಂದೆ ಓಡಿದರು. ಒಬ್ಬನ ಕೈಗೆ ಅವನ ಪಂಚೆಯ ಚುಂಗು ಸಿಕ್ಕಿ ಹರಿಯಿತು.

ಎರಡಾಳು ಇಳಿದಾಗ ಕಿವಿ ನೋಯಿತು. ನಾಲ್ಕಾಳು ಇಳಿದಾಗ ಎದೆಗೂಡು ಒಳಕ್ಕೆ ಒತ್ತಿಕೊಂಡಿತು. ಕಲ್ಲು ಕೆಳಕ್ಕೆ ಎಳೆಯುತ್ತಲೇ ಇತ್ತು. ಮಡುವಿನಲ್ಲಿ ಅಷ್ಟು ವರ್ಷ ಗಾಳ ಇಳಿಬಿಟ್ಟವನು ತಾನೇ ಇಳಿದದ್ದು ಅದೇ ಮೊದಲು. ಮೀನು ದಿನವೂ ಹೊತ್ತು ಬದುಕುತ್ತಿದ್ದದ್ದು ಎಂಥ ಭಾರ ಎಂದು ಅವನಿಗೆ ಆಗ ಗೊತ್ತಾಯಿತು.

ಮೇಲೆ ದಡಕ್ಕೆ ಅಳತೆಗಾರ ಬಂದ. ಬರಿದಾದ ಬಾನಿಯನ್ನು ನೋಡಿ ಕೋಲನ್ನು ನೆಲಕ್ಕೆ ಕುಟ್ಟಿ ಬೆಸ್ತನ ಹೆಸರು ಕರೆದ. ಎರಡನೆಯ ಸಲ ಕರೆದ. ಆಚೆ ಕೇರಿಯವರು ನಗುವುದನ್ನೂ ಮರೆತು ನೀರನ್ನೇ ನೋಡುತ್ತಿದ್ದರು. ಮೂರನೆಯ ಸಲ ಕರೆದು ಅವನು ಕೋಲನ್ನು ಬಗಲಿಗೆ ಸಿಕ್ಕಿಸಿಕೊಂಡ. ಹೆಂಡತಿ ನೀರಿನ ಅಂಚಿನಲ್ಲಿ ಕುಳಿತು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಆಮೇಲೆ ಮಡುವಿನ ನಡುವೆ ಗುಳ್ಳೆಗಳು ಎದ್ದವು. ಗುಳ್ಳೆಗಳ ಹಿಂದೆ ಬೆಸ್ತನ ತಲೆ ಬಂತು. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಎರಡು ಕೈಯೂ ಬರಿದಾಗಿದ್ದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪಂಚೆಯನ್ನು ಎರಡು ಸಲ ಹಿಂಡಿದರು, ಕೊಡವಿದರು, ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಲು ಎದ್ದರು. ಜಗಲಿಯ ಕಡೆಯಿಂದ ಯಾವ ದನಿಯೂ ಬರುತ್ತಿರಲಿಲ್ಲ. ಅಡಿವೆಪ್ಪ ಅವರ ದಾರಿಗೆ ಅಡ್ಡ ಬಂದು ನಿಂತ.

"ಆಮೇಲೆ ಏನಾಯಿತು, ಗುರುಗಳೇ? ಅಳತೆಗಾರ ಏನೆಂದ? ಮಡು ಯಾರ ಪಾಲಾಯಿತು?"

"ಮಡು ಯಾರ ಪಾಲಾಯಿತು ಎಂದು ಕೇಳಿದೆ, ಅಡಿವೆಪ್ಪಾ, ಮೀನು ಬದುಕಿತೇ ಎಂದು ನೀನು ಕೇಳಲಿಲ್ಲ."