ಒಂದೇ ತೂತು

"ಮನಸ್ಸು ಒಂದೇ ಕಡೆ ನಿಂತಿದೆ ಎಂದು ತಿಳಿಯುವುದು ಹೇಗೆ ಬುದ್ಧಿ?" ಎಂದು ಶಿಷ್ಯ ಕೇಳಿದ.

ಇವನಿಗೆ ಹೇಳಿಕೊಳ್ಳುವುದು ಇನ್ನೂ ಇದೆ ಎಂದು ಗುರುಗಳಿಗೆ ಗೊತ್ತಿತ್ತು.

"ನನ್ನದು ನಿಂತಿದೆ ಅನ್ನಿಸುತ್ತದೆ ಬುದ್ಧಿ. ಪೂಜೆಗೆ ಕೂತರೆ ಮಠದ ಗಂಟೆ ಕೂಡ ಕೇಳುವುದಿಲ್ಲ. ಸೋಮವಾರ ಊರಿನಿಂದ ಅಕ್ಕನ ಕಾಗದ ಬಂತು. ಇವತ್ತು ಶನಿವಾರ. ಒಡೆದು ನೋಡೋಣ ಎಂದು ಒಂದು ಸಲವೂ ಅನ್ನಿಸಲಿಲ್ಲ."

"ಭೇಷ್," ಎಂದರು ಗುರುಗಳು. "ಕೂತುಕೋ ಮರಿ. ನಿನ್ನಂಥವನೇ ಒಬ್ಬ ಇದ್ದ."

ಗುರುಗಳು ಹೇಳಿದ ಕತೆ ಇದು.

ಗುಡ್ಡಗಾಡಿನಲ್ಲಿ ಒಂದು ಊರು. ಅಲ್ಲಿ ಮನೆಗೊಂದು ಕೋವಿ. ವರ್ಷಕ್ಕೊಮ್ಮೆ ಕೊಯ್ಲು ಮುಗಿದ ಮೇಲೆ ಗುರಿಯ ಪಂದ್ಯ ನಡೆಯುತ್ತಿತ್ತು. ಆರುನೂರು ಹೆಜ್ಜೆ ಆಚೆ, ದಿಣ್ಣೆಯ ನೆತ್ತಿಯ ಮೇಲೆ ಒಂದು ತೆಳು ಹಲಗೆ ನಿಲ್ಲಿಸುತ್ತಿದ್ದರು. ಹಲಗೆಯ ನಡುವೆ ಮಸಿಯಿಂದ ಬರೆದ ಕಪ್ಪು ಬೊಟ್ಟು. ಒಬ್ಬೊಬ್ಬನಿಗೆ ಹತ್ತು ಗುಂಡು.

ಹಲಗೆಯ ಬುಡದಲ್ಲಿ ಆಳುದ್ದದ ಒಂದು ತಗ್ಗು. ಅದರಲ್ಲಿ ಒಬ್ಬ ಬಿದಿರು ಕೋಲು ಹಿಡಿದು ಕೂರಬೇಕು. ಗುಂಡು ಬಿದ್ದ ಮೇಲೆ ತಲೆಯೆತ್ತಿ ನೋಡಿ, ಹೊಸ ತೂತಿಗೆ ಕೋಲಿನ ತುದಿ ಮುಟ್ಟಿಸಬೇಕು. ಹೊಸ ತೂತು ಕಾಣದಿದ್ದರೆ ಕೋಲನ್ನು ಆಚೆ ಈಚೆ ಆಡಿಸಬೇಕು. ಹಾಗೆ ಆಡಿಸಿದರೆ ಗುರಿ ತಪ್ಪಿತು ಎಂದು ಅರ್ಥ. ತಗ್ಗಿನಿಂದ ಮೇಲೆ ಬರುವ ಮೊದಲು ಪಕ್ಕದ ಕಂಬಕ್ಕೆ ಕೆಂಪು ಬಟ್ಟೆ ಏರಿಸಬೇಕು. ಕೆಂಪು ಕಂಡರೆ ಯಾರೂ ಕೋವಿಯ ಕುದುರೆ ಎಳೆದು ಗುಂಡು ಹಾರಿಸುವಂತಿಲ್ಲ. ಗುಂಡಿನ ಕೆಳಗೆ ಕೂರುವುದು ಹುಡುಗಾಟವಲ್ಲ. ಅದಕ್ಕೆ ಹೊಡೆಯುವವನ ಮನೆಯವರೇ ಕೂರುವುದು ಅಲ್ಲಿನ ವಾಡಿಕೆ.

ಆ ಊರಿನಲ್ಲಿ ಒಬ್ಬ ಕೋವಿಗಾರ. ಅವನಿಗೆ ಒಬ್ಬ ತಮ್ಮ. ತಾಯಿ ತಂದೆ ಇರಲಿಲ್ಲ. ತಮ್ಮನಿಗೆ ಅನ್ನ ಕಲಸಿ ತಿನ್ನಿಸಿ ದೊಡ್ಡವನನ್ನಾಗಿ ಮಾಡಿದವನು ಅವನೇ. ತಮ್ಮನ ಮೇಲೆ ಅವನಿಗೆ ಜೀವ. ಇದನ್ನು ಮರೆಯಬೇಡ ಮರಿ, ಅವನು ಕೆಟ್ಟವನಲ್ಲ.

ಹತ್ತೂ ಗುಂಡು ಒಂದೇ ತೂತಿನಲ್ಲಿ ಹೋಗಬೇಕು ಎಂಬುದು ಅವನ ಆಸೆ. ಆ ಊರಿನಲ್ಲಿ ಯಾರೂ ಹಾಗೆ ಹೊಡೆದಿರಲಿಲ್ಲ.

ಮೊದಲು ಹಗುರ ಗುಂಡು ಹೊಡೆದು ನೋಡಿದ. ಬಲು ಬೇಗ ಹೋಗುತ್ತಿತ್ತು, ಆದರೆ ಗಾಳಿ ತಳ್ಳಿದ ಕಡೆಗೆ ಹೋಗುತ್ತಿತ್ತು. ಉದ್ದನೆಯ ಭಾರದ ಗುಂಡು ಗಾಳಿಗೆ ಅಷ್ಟಾಗಿ ಬಗ್ಗಲಿಲ್ಲ. ಅದನ್ನೇ ಆರಿಸಿಕೊಂಡ. ಅಕ್ಕಸಾಲಿಗನ ತಕ್ಕಡಿ ತಂದ. ನೂರು ಗುಂಡು ತೂಗಿದರೆ ಹತ್ತು ಮಾತ್ರ ಉಳಿಯುತ್ತಿದ್ದವು. ಸಾಸಿವೆ ಕಾಳಿನಷ್ಟು ಹೆಚ್ಚು ಕಡಿಮೆ ಇದ್ದದ್ದು ಅವನಿಗೆ ಗುಂಡೇ ಅಲ್ಲ. ಹಿತ್ತಾಳೆಯ ತೋಟಾಗಳನ್ನೂ ಹಾಗೆಯೇ ಆರಿಸಿದ. ಮದ್ದನ್ನು ತೂಗಿ, ಕಡೆಯ ಎರಡು ಹರಳನ್ನು ಚಾಕುವಿನ ಮೊನೆಯಿಂದ ಹಾಕಿದ. ತೋಟಾದ ಬಾಯಿಗೆ ಗುಂಡು ಎಷ್ಟು ಆಳ ಕೂರಬೇಕು ಎಂಬುದಕ್ಕೂ ಅಳತೆ ಇಟ್ಟ. ತೂಗುವಾಗ ಉಸಿರು ಬಿಡುತ್ತಿರಲಿಲ್ಲ. ತಕ್ಕಡಿ ಆಡುತ್ತದೆ ಎಂದು ಕೋಣೆಯ ಬಾಗಿಲು ಹಾಕಿಸಿದ, ಆಮೇಲೆ ಆ ಮನೆಯಲ್ಲಿ ಯಾರೂ ಜೋರಾಗಿ ನಡೆಯಲೂ ಇಲ್ಲ.

ಗುಂಡು ಆರಿಸಿ ಮುಗಿದ ಮೇಲೆ ತನ್ನನ್ನು ಆರಿಸಿಕೊಳ್ಳಲು ತೊಡಗಿದ. ಬೊಟ್ಟು ಒಂದನ್ನು ಬಿಟ್ಟು ಬೇರೆ ಏನೂ ಕಾಣಬಾರದು, ಏನೂ ಕೇಳಬಾರದು. ಅವನು ಕೋವಿ ಹಿಡಿದು ಗುರಿಯಿಡಲು ಬೋರಲು ಮಲಗಿದರೆ ತಮ್ಮ ಪಕ್ಕದಲ್ಲಿ ನಿಂತು ಕಂಚಿನ ತಟ್ಟೆ ಬಡಿಯಬೇಕು, ಬಟ್ಟೆ ಬೀಸಬೇಕು, ಹೆಸರು ಹಿಡಿದು ಕೂಗಬೇಕು. ಮೊದಮೊದಲು ಬೆಚ್ಚುತ್ತಿದ್ದ. ನಾಲ್ಕು ತಿಂಗಳಾದ ಮೇಲೆ ಬೆಚ್ಚಲಿಲ್ಲ. ವರ್ಷ ತುಂಬುವ ಹೊತ್ತಿಗೆ ತಮ್ಮ ಕೂಗಿ ಕೂಗಿ ಗಂಟಲು ಕಟ್ಟಿದರೂ ಅವನ ರೆಪ್ಪೆ ಆಡುತ್ತಿರಲಿಲ್ಲ. ಒಂದು ದಿನ ತಮ್ಮ ತಟ್ಟೆ ಕೆಳಗಿಟ್ಟು ಅವನ ಮುಖವನ್ನೇ ನೋಡುತ್ತ ಕೂತ. ತಮ್ಮನಿಗೆ ಭಯವಾಗಿತ್ತು.

ಪಂದ್ಯದ ಬೆಳಿಗ್ಗೆ ತಮ್ಮ ನಗುತ್ತ ಕೇಳಿದ, "ಅಣ್ಣ, ಹತ್ತೂ ಒಂದೇ ತೂತಿನಲ್ಲಿ ಹೋದರೆ ನಾನು ಏನಂತ ತೋರಿಸಲಿ?"

"ಇದ್ದದ್ದನ್ನು ತೋರಿಸು. ಹೊಡೆಯುವ ಚಿಂತೆ ನನ್ನದು," ಎಂದ ಅಣ್ಣ.

ತಮ್ಮ ಕೋಲು, ಬಟ್ಟೆ ತೆಗೆದುಕೊಂಡು ದಿಣ್ಣೆ ಹತ್ತಿದ.

ಮೊದಲ ಗುಂಡು ಹಾರಿತು. ಕೋಲು ಮೇಲೆದ್ದು ಬೊಟ್ಟಿನ ನಟ್ಟನಡುವೆ ಮುಟ್ಟಿತು. ಜನ ಭಲೆ ಎಂದರು. ಕೋವಿಯ ದುರ್ಬೀನಿನಲ್ಲಿ ಕಪ್ಪು ಬೊಟ್ಟಿನ ನಡುವೆ ಚುಕ್ಕಿಯಷ್ಟು ಆಕಾಶ ಕಂಡಿತು. ಅವನು ಆ ಬೆಳಕಿನ ಚುಕ್ಕಿಗೇ ಗುರಿ ಇಟ್ಟ.

ಎರಡನೆಯ ಗುಂಡು ಹಾರಿತು. ಕೋಲು ಆಚೆ ಈಚೆ ಆಡಿತು. ಮೂರನೆಯದಕ್ಕೂ ಆಡಿತು. ನಾಲ್ಕು, ಐದು, ಎರಡಕ್ಕೂ ಆಡಿತು. ಜನ ಪಿಸುಗುಟ್ಟಿದರು. ಅವನಿಗೆ ಅದು ಕೇಳಲಿಲ್ಲ. ಆದರೆ ಕೋಲು ಆಡಿದ್ದು ಕಂಡಿತ್ತು. ಗುರಿ ತಪ್ಪುವುದಕ್ಕೆ ಸಾಧ್ಯವೇ ಇಲ್ಲ, ಇನ್ನೂ ಬಿಗಿಯಾಗಿ ನೋಡಬೇಕು ಎಂದುಕೊಂಡ. ಚುಕ್ಕಿಯನ್ನು ಬಿಟ್ಟು ಉಳಿದದ್ದೆಲ್ಲ ಅವನ ಕಣ್ಣಿನಿಂದ ಹೋಯಿತು.

ತಗ್ಗಿನಲ್ಲಿ ತಮ್ಮನಿಗೂ ಸಂಕಟ. ಅಣ್ಣ ನಾಲ್ಕು ಸಲ ತಪ್ಪುವವನಲ್ಲ. ಗುಂಡುಗಳು ಒಂದೇ ತೂತಿನಲ್ಲಿ ಹೋಗಿರಬಹುದೇ? ಕೆಳಗಿನಿಂದ ಅದು ಕಾಣುವುದಿಲ್ಲ. ಅವನು ಕೆಂಪು ಬಟ್ಟೆ ಏರಿಸಿದ. ಕೋಲನ್ನು ತಗ್ಗಿನ ಅಂಚಿಗೆ ನಿಲ್ಲಿಸಿದ. ಮೇಲೆ ಹತ್ತಿ ಹಲಗೆಯ ಹಿಂದಕ್ಕೆ ಹೋದ.

ಜನ ಕೆಂಪು ಕಂಡು ಸುಮ್ಮನೆ ನಿಂತರು. ಕೋವಿಗಾರ ಮಾತ್ರ ಆರನೆಯ ತೋಟಾ ತುಂಬಿದ. ಆಗ ಜನ ಕೂಗಿದರು. ಒಬ್ಬ ತಟ್ಟೆ ಬಡಿದ. ಇನ್ನೊಬ್ಬ ಅವನ ಹೆಸರು ಹಿಡಿದು ಕಿರುಚುತ್ತ ಓಡಿ ಬಂದ.

ದುರ್ಬೀನಿನಲ್ಲಿ ನೋಡುತ್ತಿದ್ದಂತೆಯೇ ಬೆಳಕಿನ ಚುಕ್ಕಿ ಹೋಯಿತು. ತೂತು ಮುಚ್ಚಿಕೊಂಡಿತು. ಒಂದು ಗುಂಡೂ ತಗುಲಿಲ್ಲವೇನೋ ಎಂಬಂತೆ ಬೊಟ್ಟು ಇಡಿಯಾಗಿ ಕಪ್ಪಾಗಿ ನಿಂತಿತು. ಒಣ ಹಲಗೆಯ ತೂತು ತಾನಾಗಿ ಮುಚ್ಚಿಕೊಳ್ಳುವುದುಂಟೇ? ಅವನು ಅದನ್ನು ಕೇಳಿಕೊಳ್ಳಲಿಲ್ಲ. ಈಗ ಗುರಿ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದಷ್ಟೇ ಅವನಿಗೆ ಅನ್ನಿಸಿತು. ಉಸಿರು ಹಿಡಿದು ಕುದುರೆ ಎಳೆದ.

ಬೆಳಕಿನ ಚುಕ್ಕಿ ಮತ್ತೆ ಕಂಡಿತು. ಹಲಗೆ ಒಮ್ಮೆ ಅಲುಗಾಡಿತು. ತಗ್ಗಿನ ಅಂಚಿನಲ್ಲಿದ್ದ ಕೋಲು ಮೆಲ್ಲಗೆ ವಾಲಿ ಅದರ ತುದಿ ಬೊಟ್ಟಿನ ನಡುವೆ ಬಂದು ನಿಂತಿತು.

"ಈಗ ಬಿತ್ತು ನೋಡಿ," ಎಂದು ಅವನು ನಗುತ್ತ ಹಿಂದೆ ತಿರುಗಿದ.

ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ದಿಣ್ಣೆಯ ಕಡೆ ಓಡುತ್ತಿದ್ದರು. ಅವನೂ ಎದ್ದು ಹೋದ. ಓಡಲಿಲ್ಲ, ನಡೆದೇ ಹೋದ. ಗೆದ್ದವನ ನಡಿಗೆ ಅದು. ಜನ ಅವನಿಗೆ ದಾರಿ ಬಿಟ್ಟರು. ಹಲಗೆಯಲ್ಲಿ ಒಂದೇ ತೂತು ಇತ್ತು. ಆರೂ ಗುಂಡು ಅದರಲ್ಲೇ ಹೋಗಿದ್ದವು. ಹಲಗೆಯ ಹಿಂದೆ ತಮ್ಮ ಬಿದ್ದಿದ್ದ. ತೂತಿಗೆ ಇಟ್ಟು ನೋಡಿದ ಕಣ್ಣು ಇರಲಿಲ್ಲ.

ಕೋವಿಗಾರ ಅಳಲಿಲ್ಲ. ತಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತ. ಆಮೇಲೆ ತಲೆಯೆತ್ತಿದ. ಗಾಳಿಗೆ ಆಡುತ್ತಿದ್ದ ಕೆಂಪು ಬಟ್ಟೆ ಅವನಿಗೆ ಆಗ ಕಂಡಿತು.

"ಇದನ್ನು ಯಾವಾಗ ಕಟ್ಟಿದಿರಿ?" ಎಂದು ಅವನು ಜನರನ್ನು ಕೇಳಿದ.

ಗುರುಗಳು ಕತೆ ನಿಲ್ಲಿಸಿದರು.

"ಅಷ್ಟು ಸಾಧನೆ ಮಾಡಿದವನು ತಪ್ಪಿದ್ದು ಎಲ್ಲಿ ಬುದ್ಧಿ?" ಎಂದು ಶಿಷ್ಯ ಕೇಳಿದ.

"ಅವನು ಎಲ್ಲಿ ತಪ್ಪಿದ ಮರಿ? ಆರಕ್ಕೆ ಆರೂ ಸರಿಯಾಗೇ ಬಿದ್ದಿದ್ದವು," ಎಂದರು ಗುರುಗಳು. ಎದ್ದು ಮೇಲುವಸ್ತ್ರ ಸರಿಮಾಡಿಕೊಂಡರು. ಬಾಗಿಲ ತನಕ ಹೋದವರು ಅಲ್ಲೇ ನಿಂತು ಕೇಳಿದರು:

"ಅಕ್ಕನ ಕಾಗದ ಯಾವತ್ತು ಬಂತು ಅಂದೆ?"